ಅಸಲಿ ನಾಣ್ಯ, ನಕಲಿ ನಾಣ್ಯ

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂಬ ಊರುಗಳ ಹೆಸರು ಕೆಲವು ವರ್ಷಗಳಿಂದ ವೃತ್ತಪತ್ರಿಕೆಗಳಲ್ಲಿ ಒಂದು ವಿಚಿತ್ರ ಕಾರಣಕ್ಕಾಗಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿದೆ. ದೂರದ ಊರಿನ ಗೃಹಸ್ಥನೊಬ್ಬನಿಗೆ ಅಪರಿಚಿತನಿಂದ ದೂರವಾಣಿಯ ಕರೆ ಬರುತ್ತದೆ. ಹಳೆಯ ಮನೆಯ ಪಾಯ ತೋಡುವಾಗ ಚಿನ್ನದ ನಾಣ್ಯಗಳು ತುಂಬಿದ ಕುಡಿಕೆಯೊಂದು ಸಿಕ್ಕಿತೆಂದೂ, ಅದನ್ನು ಪೇಟೆಯಲ್ಲಿ ಮಾರಲು ಹೆದರಿಕೆಯೆಂದೂ, ಮಗಳ ಮದುವೆಗೆ ಹಣ ಬೇಕಾಗಿರುವುದರಿಂದ ಅರ್ಧ ಬೆಲೆಗೆ ಕೊಡುವೆನೆಂದೂ ಆತ ಹೇಳುತ್ತಾನೆ. ಕೇಳಿದವನು ಬಂದರೆ ಒಂದೆರಡು ನಾಣ್ಯಗಳನ್ನು ಅವನ ಕೈಗಿಟ್ಟು, "ತೆಗೆದುಕೊಂಡು ಹೋಗಿ ಸ್ವಾಮಿ, ನಿಮಗೆ ಬೇಕಾದ ಕಡೆ ಪರೀಕ್ಷೆ ಮಾಡಿಸಿ ನೋಡಿ" ಎನ್ನುತ್ತಾನೆ. ಅಕ್ಕಸಾಲಿಗನು ಒರೆಗೆ ಹಚ್ಚಿ ನೋಡುತ್ತಾನೆ, ಅಪ್ಪಟ ಚಿನ್ನ! ಮುಂದೆ ಲಕ್ಷಗಟ್ಟಲೆ ಹಣ ಕೈ ಬದಲಾಗುತ್ತದೆ; ಚೀಲದಲ್ಲಿ ದೊರೆತದ್ದು ಹಿತ್ತಾಳೆಯ ಬಿಲ್ಲೆಗಳೆಂಬುದು ಮನೆಗೆ ಹೋದ ಮೇಲೆ ತಿಳಿಯುತ್ತದೆ. ಇಂತಹ ದೂರುಗಳು ಈ ಭಾಗದ ಪೋಲೀಸು ಠಾಣೆಗಳಲ್ಲಿ ಹೊಸವಲ್ಲ.

ಅಡಕೆಯ ಸೀಮೆಯಾದ ಚನ್ನಗಿರಿಗಾಗಲಿ, ತುಂಗಭದ್ರೆಯ ದಡದ ಹೊನ್ನಾಳಿಗಾಗಲಿ ಇದರಿಂದ ಕೆಟ್ಟ ಹೆಸರು ಬರುವುದು ನ್ಯಾಯವಲ್ಲ. ಬೆರಳೆಣಿಕೆಯ ಜನರ ಕಸುಬಿಗೆ ಊರು ಹೊಣೆಯಲ್ಲ. ಆದರೆ ಕಥೆ ನಂಬುವಂತಿರುವುದಕ್ಕೆ ಕಾರಣವುಂಟು. ವಿಜಯನಗರದ ಅರಸರೂ, ಅನಂತರ ಕೆಳದಿಯ ನಾಯಕರೂ ಆಳಿದ ನೆಲವಿದು. ಅವರು ಅಚ್ಚುಹಾಕಿಸಿದ ವರಹಗಳು ಒಂದು ಕಾಲದಲ್ಲಿ ಇಲ್ಲಿ ನಿತ್ಯದ ವ್ಯವಹಾರದಲ್ಲಿದ್ದವು. ಹೊನ್ನು ಎಂಬ ಪದವೇ ನಮ್ಮಲ್ಲಿ ಚಿನ್ನಕ್ಕೂ ನಾಣ್ಯಕ್ಕೂ ಹೆಸರು. ಹೂತಿಟ್ಟ ಕುಡಿಕೆ ಎಲ್ಲಿಯಾದರೊಂದು ಕಡೆ ನಿಜವಾಗಿಯೂ ಸಿಕ್ಕುವುದುಂಟು. ಸುಳ್ಳು ಕಥೆ ಆ ನಿಜದ ಬೆನ್ನೇರಿ ಬರುತ್ತದೆ.

ಇಲ್ಲಿ ಭೌತವಿಜ್ಞಾನದ ವಿದ್ಯಾರ್ಥಿಗಳು ವಿಚಾರಮಾಡಬೇಕಾದ ಸಂಗತಿ ಒಂದಿದೆ. ಮೋಸಹೋದವನು ಪರೀಕ್ಷೆ ಮಾಡಿಸದೆ ಮೋಸಹೋದವನಲ್ಲ. ಆತ ಪರೀಕ್ಷೆ ಮಾಡಿಸಿದ; ಪರೀಕ್ಷೆಯೂ ಸರಿಯಾಗಿತ್ತು, ಫಲವೂ ಸತ್ಯವಾಗಿತ್ತು. ಹಾಗಿದ್ದರೆ ತಪ್ಪಿದ್ದೆಲ್ಲಿ? ಈ ಪ್ರಶ್ನೆಗೆ ಉತ್ತರ ಹುಡುಕುವ ಮುನ್ನ, ಒಂದು ನಾಣ್ಯದ ಸಾಚಾತನವನ್ನು ಅದಕ್ಕೆ ಗೀರು ಸಹ ಬೀಳದಂತೆ ತಿಳಿಯುವ ಬಗೆ ಹೇಗೆಂಬುದನ್ನು ನೋಡೋಣ.

ಕಣ್ಣು ಕಾಣುವುದು ಮೇಲ್ಮೈಯನ್ನು ಮಾತ್ರ. ಒರೆಗಲ್ಲೂ ಮುಟ್ಟುವುದು ಮೇಲ್ಮೈಯನ್ನೇ. ದಪ್ಪನಾದ ಚಿನ್ನದ ಲೇಪವಿದ್ದರೆ ಒರೆಯ ಗೆರೆಯೂ ಚಿನ್ನದ್ದೇ ಆಗಿರುತ್ತದೆ. ಇಂದಿನ ಚಿನ್ನಬೆಳ್ಳಿಯ ಅಂಗಡಿಗಳಲ್ಲಿರುವ ಕ್ಷ-ಕಿರಣದ ಯಂತ್ರ ಲೋಹದಲ್ಲಿರುವ ಧಾತುಗಳನ್ನೂ ಅವುಗಳ ಪ್ರಮಾಣವನ್ನೂ ಕ್ಷಣಮಾತ್ರದಲ್ಲಿ ಹೇಳುತ್ತದೆ, ನಿಜ. ಆದರೆ ಅದರ ದೃಷ್ಟಿಯೂ ಮಿಲಿಮೀಟರಿನ ನೂರನೆಯ ಕೆಲವು ಪಾಲುಗಳಿಗಿಂತ ಹೆಚ್ಚು ಆಳಕ್ಕೆ ಹೋಗುವುದಿಲ್ಲ. ನಾಣ್ಯದ ಹೊಟ್ಟೆಯೊಳಗೆ ಏನಿದೆಯೆಂಬುದನ್ನು ಹೇಳಬಲ್ಲ, ಎಲ್ಲರ ಕೈಗೂ ಎಟುಕುವ ಗುಣ ಸಾಂದ್ರತೆ. ಅದು ಇಡೀ ನಾಣ್ಯದ ಗುಣ. ಮೇಲೆ ಏನು ಬಳಿದರೂ ಒಳಗಿನದನ್ನು ಮರೆಮಾಡಲಾಗದು.

ಒಂದು ಘನ ಸೆಂಟಿಮೀಟರ್ ಶುದ್ಧ ಚಿನ್ನ ೧೯.೩ ಗ್ರಾಂ ತೂಗುತ್ತದೆ. ಬೆಳ್ಳಿ ೧೦.೪೯ ಗ್ರಾಂ, ತಾಮ್ರ ೮.೯೬, ನಿಕ್ಕಲ್ ೮.೯, ಹಿತ್ತಾಳೆ ಸುಮಾರು ೮.೫, ಕಬ್ಬಿಣ ೭.೮೭, ತವರ ೭.೩, ಸೀಸ ೧೧.೩೪. ಈ ಅಂಕಿಗಳನ್ನು ಒಮ್ಮೆ ನಿಧಾನವಾಗಿ ನೋಡಿದರೆ ನಕಲಿಯವನ ಸಂಕಟ ನಮಗೆ ಅರ್ಥವಾಗುತ್ತದೆ. ಚಿನ್ನದಷ್ಟು ಭಾರವಾದ ಅಗ್ಗದ ಲೋಹ ಅವನಿಗೆ ಸುಲಭವಾಗಿ ಸಿಕ್ಕುವುದಿಲ್ಲ. ೧೯.೨೫ ಸಾಂದ್ರತೆಯ ಟಂಗ್‌ಸ್ಟನ್ ಒಂದುಂಟು. ಆದರೆ ಅದು ೩೪೨೦ ಡಿಗ್ರಿ ಸೆಲ್ಸಿಯಸ್ಸಿನ ಸುಮಾರಿಗೆ ಕರಗುವ, ಗಡುಸಾದ ಲೋಹ. ಹಳ್ಳಿಯ ಕುಲುಮೆಗೆ ಅದು ಬಗ್ಗದು.

ವಿಜಯನಗರದ ವರಹ ಸುಮಾರು ೩.೪ ಗ್ರಾಂ ತೂಗುವ ಪುಟ್ಟ ನಾಣ್ಯ. ಲೆಕ್ಕಕ್ಕೋಸ್ಕರ, ಅದರಲ್ಲಿ ಹನ್ನೊಂದು ಪಾಲು ಚಿನ್ನ, ಒಂದು ಪಾಲು ತಾಮ್ರ ಇದೆಯೆಂದು ಭಾವಿಸೋಣ. ಆಗ ಸಾಂದ್ರತೆ ೧೭.೬ರಷ್ಟಾಗುತ್ತದೆ, ಗಾತ್ರ ೦.೧೯ ಘನ ಸೆಂಟಿಮೀಟರ್. ಅಷ್ಟೇ ಗಾತ್ರದ ಹಿತ್ತಾಳೆಯ ಬಿಲ್ಲೆ ಮಾಡಿದರೆ ಅದು ತೂಗುವುದು ೧.೬ ಗ್ರಾಂ ಮಾತ್ರ, ಅರ್ಧಕ್ಕಿಂತಲೂ ಕಡಮೆ. ತೂಕ ಸರಿಹೊಂದಿಸಲು ಹೋದರೆ ಗಾತ್ರ ಎರಡರಷ್ಟಾಗಿ ನಾಣ್ಯ ಎದ್ದುಕಾಣುವಂತೆ ದಪ್ಪಗಾಗುತ್ತದೆ. ಅಂದರೆ ಹಿತ್ತಾಳೆಯ ನಕಲಿಯನ್ನು ಹಿಡಿಯಲು ಒಂದು ತಕ್ಕಡಿಯೂ, ಪಕ್ಕದಲ್ಲಿಟ್ಟು ನೋಡಲು ಒಂದು ಅಸಲಿ ವರಹವೂ ಇದ್ದರೆ ಸಾಕು; ಯಂತ್ರವೇ ಬೇಕಿಲ್ಲ. ಆದರೂ ಜನ ಮೋಸಹೋಗುತ್ತಿರುವರಲ್ಲ! ಇದನ್ನು ನೆನಪಿನಲ್ಲಿಟ್ಟುಕೊಂಡು ಮುಂದುವರಿಯೋಣ.

ಬೆಳ್ಳಿಯ ವಿಷಯ ಇದಕ್ಕಿಂತ ಸೂಕ್ಷ್ಮವಾದುದು. ನಮ್ಮ ಮನೆಗಳಲ್ಲಿ ದೀಪಾವಳಿಯ ಲಕ್ಷ್ಮೀಪೂಜೆಗೆ ಹೊರಬರುವ ರಾಣಿಯ ರೂಪಾಯಿ, ಜಾರ್ಜ್ ದೊರೆಯ ರೂಪಾಯಿಗಳನ್ನು ವಾಚಕರು ಬಲ್ಲರು. ಇವುಗಳ ನಕಲಿಗಳು ಜಾತ್ರೆಗಳಲ್ಲಿ, ಪೇಟೆಯ ಬೀದಿಬದಿಗಳಲ್ಲಿ ‘ಹಳೆಯ ಬೆಳ್ಳಿ’ಯೆಂದು ಮಾರಾಟವಾಗುವುದುಂಟು. ಚಿನ್ನಕ್ಕೂ ಹಿತ್ತಾಳೆಗೂ ಇರುವ ಅಂತರ ಬೆಳ್ಳಿಗೂ ತಾಮ್ರಕ್ಕೂ ಇಲ್ಲ. ಆದುದರಿಂದ ಇಲ್ಲಿ ಕೈಯ ಅಂದಾಜು ನಡೆಯದು, ಅಳತೆಯೇ ಆಗಬೇಕು.

೧೮೩೫ರಲ್ಲಿ ಈಸ್ಟ್ ಇಂಡಿಯಾ ಕಂಪೆನಿ ತನ್ನ ಆಳ್ವಿಕೆಯ ಪ್ರಾಂತ್ಯಗಳಿಗೆಲ್ಲ ಏಕರೂಪದ ರೂಪಾಯಿಯನ್ನು ಜಾರಿಗೆ ತಂದಿತು. ಅದರ ತೂಕ ೧೮೦ ಗ್ರೈನು, ಎಂದರೆ ೧೧.೬೬ ಗ್ರಾಂ. ಇದೇ ಒಂದು ತೊಲ. ಎಂಬತ್ತು ತೊಲಕ್ಕೆ ಒಂದು ಸೇರು. ಹೀಗಾಗಿ ರೂಪಾಯಿ ಹಣವೂ ಆಗಿತ್ತು, ತೂಕದ ಬಟ್ಟೂ ಆಗಿತ್ತು. ಅದರಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ, ಉಳಿದುದು ಬೆರಕೆ. ಬೆರಕೆ ತಾಮ್ರವೆಂದಿಟ್ಟುಕೊಂಡು ಸಾಂದ್ರತೆಯನ್ನು ಲೆಕ್ಕಹಾಕಿದರೆ ೧೦.೩೪ ಬರುತ್ತದೆ. (ಮಿಶ್ರಲೋಹದ ಸಾಂದ್ರತೆಯನ್ನು ಕಾಣುವಾಗ ಸಾಂದ್ರತೆಗಳ ಸರಾಸರಿ ತೆಗೆಯಬಾರದು, ಪ್ರತಿಯೊಂದು ಲೋಹದ ತೂಕವನ್ನು ಅದರ ಸಾಂದ್ರತೆಯಿಂದ ಭಾಗಿಸಿ ಗಾತ್ರಗಳನ್ನು ಕೂಡಬೇಕು. ಪರೀಕ್ಷೆಯಲ್ಲಿ ಅನೇಕರು ಎಡವುವುದು ಇಲ್ಲಿಯೇ.) ಹಾಗಾದರೆ ಅಸಲಿ ರೂಪಾಯಿಯ ಗಾತ್ರ ೧.೧೩ ಘನ ಸೆಂಟಿಮೀಟರ್. ತಾಮ್ರ ಮತ್ತು ನಿಕ್ಕಲ್ಲಿನ ಮಿಶ್ರಲೋಹದಲ್ಲಿ ಅಷ್ಟೇ ತೂಕದ ನಕಲಿ ಮಾಡಿದರೆ ಅದರ ಗಾತ್ರ ೧.೩೦ ಘನ ಸೆಂಟಿಮೀಟರ್ ಆಗುತ್ತದೆ. ಈ ೦.೧೭ ಘನ ಸೆಂಟಿಮೀಟರನ್ನು ಹಿಡಿಯುವುದೇ ನಮ್ಮ ಕೆಲಸ.

ಅಳತೆಪಟ್ಟಿಯಿಂದ ಇದು ಸಾಧ್ಯವಿಲ್ಲ. ನಾಣ್ಯದ ಮೇಲೆ ಉಬ್ಬುತಗ್ಗುಗಳಿವೆ. ಆರ್ಕಿಮಿಡೀಸನ ತತ್ತ್ವ ಇಲ್ಲಿ ನಮ್ಮ ಕೈಹಿಡಿಯುತ್ತದೆ. ಅವನು ದೊರೆಯ ಕಿರೀಟವನ್ನು ಪರೀಕ್ಷಿಸಿದ ಕಥೆಯನ್ನು ಶಾಲೆಯಲ್ಲಿ ಎಲ್ಲರೂ ಓದಿದ್ದಾರೆ, ಮತ್ತೆ ಹೇಳುವುದಿಲ್ಲ. ಮಾಡುವ ಕ್ರಮವನ್ನಷ್ಟೇ ಹೇಳುತ್ತೇವೆ. ಗ್ರಾಮಿನ ನೂರನೆಯ ಒಂದು ಪಾಲನ್ನು ತೋರಿಸುವ ವಿದ್ಯುನ್ಮಾನ ತಕ್ಕಡಿ ಈಗ ಪ್ರತಿಯೊಂದು ಆಭರಣದಂಗಡಿಯಲ್ಲಿಯೂ, ಬಹುಪಾಲು ಕಾಲೇಜುಗಳ ಪ್ರಯೋಗಶಾಲೆಯಲ್ಲಿಯೂ ಇರುತ್ತದೆ. ಮೊದಲು ನಾಣ್ಯವನ್ನು ಹಾಗೆಯೇ ತೂಗಿ ಬರೆದುಕೊಳ್ಳಬೇಕು. ಅನಂತರ ತಟ್ಟೆಯ ಮೇಲೆ ನೀರು ತುಂಬಿದ ಸಣ್ಣ ಲೋಟವನ್ನಿಟ್ಟು, ತಕ್ಕಡಿ ಸೊನ್ನೆ ತೋರಿಸುವಂತೆ ಮಾಡಬೇಕು. ಕೂದಲಿನಂತಹ ತೆಳ್ಳನೆಯ ದಾರದಿಂದ ನಾಣ್ಯವನ್ನು ಕಟ್ಟಿ, ಪಕ್ಕದಲ್ಲಿ ನಿಲ್ಲಿಸಿದ ಕಂಬಿಯಿಂದ ಇಳಿಬಿಟ್ಟು, ಅದು ಪೂರ್ತಿ ನೀರಿನಲ್ಲಿ ಮುಳುಗಿರುವಂತೆ, ಆದರೆ ತಳವನ್ನಾಗಲಿ ಗೋಡೆಯನ್ನಾಗಲಿ ಮುಟ್ಟದಂತೆ ನೋಡಿಕೊಳ್ಳಬೇಕು. ಆಗ ತಕ್ಕಡಿ ಒಂದು ಅಂಕಿಯನ್ನು ತೋರಿಸುತ್ತದೆ. ನಾಣ್ಯವನ್ನು ದಾರ ಹೊತ್ತಿರುವಾಗ ತಕ್ಕಡಿಗೆ ಈ ಭಾರ ಎಲ್ಲಿಂದ ಬಂದಿತು? ನೀರು ನಾಣ್ಯವನ್ನು ಮೇಲಕ್ಕೆ ಒತ್ತುತ್ತದೆ; ನಾಣ್ಯ ನೀರನ್ನು ಅಷ್ಟೇ ಬಲದಿಂದ ಕೆಳಕ್ಕೆ ಒತ್ತುತ್ತದೆ. ನ್ಯೂಟನ್ನನ ಮೂರನೆಯ ನಿಯಮ ಇಲ್ಲಿ ಕಣ್ಣಿಗೆ ಕಾಣುವಂತಿದೆ. ಆ ಅಂಕಿ ನಾಣ್ಯ ಪಕ್ಕಕ್ಕೆ ಸರಿಸಿದ ನೀರಿನ ತೂಕ. ಒಂದು ಘನ ಸೆಂಟಿಮೀಟರ್ ನೀರು ಒಂದು ಗ್ರಾಂ ಆದುದರಿಂದ, ಅದೇ ನಾಣ್ಯದ ಗಾತ್ರ. ಮೊದಲ ತೂಕವನ್ನು ಇದರಿಂದ ಭಾಗಿಸಿದರೆ ಸಾಂದ್ರತೆ ದೊರೆಯಿತು.

ನಾಣ್ಯ ೧೧.೬೦ ಗ್ರಾಂ ತೂಗಿ, ನೀರಿನ ಅಂಕಿ ೧.೧೨ ಬಂದರೆ ಸಾಂದ್ರತೆ ೧೦.೩೬. ತಕ್ಕಡಿಯ ಕೊನೆಯ ಅಂಕಿ ಒಂದು ಆಚೀಚೆ ಆದರೂ ಫಲ ೧೦.೨೬ ಮತ್ತು ೧೦.೪೫ರ ನಡುವೆ ಇರುತ್ತದೆ, ೮.೯ಕ್ಕೆ ಎಂದಿಗೂ ಇಳಿಯದು. ನಾಣ್ಯಕ್ಕೆ ಅಂಟಿಕೊಂಡ ಗಾಳಿಯ ಗುಳ್ಳೆಗಳು ಮಾತ್ರ ದೊಡ್ಡ ಶತ್ರುಗಳು. ನೀರಿಗೆ ಒಂದು ತೊಟ್ಟು ಸಾಬೂನಿನ ನೀರು ಬೆರೆಸಿ, ನಾಣ್ಯವನ್ನು ಮೆಲ್ಲನೆ ಅಲುಗಾಡಿಸಿ ಅವನ್ನು ಓಡಿಸಬೇಕು. ಹಾರಕ್ಕೆ ಪೋಣಿಸಲು ಕುಣಿಕೆ ಬೆಸೆದ ನಾಣ್ಯಗಳಿಗೆ ಈ ಲೆಕ್ಕ ನೇರವಾಗಿ ಹೊಂದದು. ಬೆಸುಗೆಯ ಲೋಹ ಬೇರೆಯಾಗಿರುತ್ತದೆ.

ಈ ವಿಧಾನದ ಒಂದು ಸೊಗಸನ್ನು ಇಲ್ಲಿಯೇ ಹೇಳಬೇಕು. ನೂರು ವರ್ಷ ಕೈಯಿಂದ ಕೈಗೆ ಓಡಾಡಿದ ರೂಪಾಯಿ ಸವೆದು ೧೧.೪ ಗ್ರಾಮಿಗೆ ಇಳಿದಿರಬಹುದು. ತೂಕವನ್ನೇ ನಂಬಿದವನು ಅದನ್ನು ನಕಲಿಯೆಂದಾನು. ಆದರೆ ಸವೆದಾಗ ತೂಕವೂ ಗಾತ್ರವೂ ಒಟ್ಟಿಗೆ ಕಡಮೆಯಾಗುತ್ತವೆ, ಸಾಂದ್ರತೆ ಬದಲಾಗುವುದಿಲ್ಲ. ರಾಣಿಯ ಮುಖ ಅಳಿಸಿಹೋದರೂ ಬೆಳ್ಳಿ ಬೆಳ್ಳಿಯೇ.

ಆದರೆ ‘ಅಸಲಿ’ ಎಂದರೆ ಏನೆಂಬುದನ್ನು ಮೊದಲು ತಿಳಿದಿರಬೇಕು. ೧೯೪೦ರಲ್ಲಿ, ಎರಡನೆಯ ಮಹಾಯುದ್ಧದ ಕಾಲದಲ್ಲಿ, ಸರ್ಕಾರವೇ ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿತು: ನೂರರಲ್ಲಿ ೫೦ ಪಾಲು ಬೆಳ್ಳಿ, ೪೦ ತಾಮ್ರ, ೫ ನಿಕ್ಕಲ್, ೫ ಸತು. ಇದರ ಸಾಂದ್ರತೆ ೯.೫. ಈ ಅಂಕಿ ಕಂಡ ಕೂಡಲೆ ೧೯೪೪ರ ರೂಪಾಯಿಯನ್ನು ನಕಲಿಯೆಂದು ಎಸೆಯಬಾರದು. ೧೯೪೭ರ ರೂಪಾಯಿಯಂತೂ ಬರಿಯ ನಿಕ್ಕಲ್. ಅಯಸ್ಕಾಂತಕ್ಕೆ ಥಟ್ಟನೆ ಅಂಟಿಕೊಳ್ಳುತ್ತದೆ. ‘ಅಯಸ್ಕಾಂತಕ್ಕೆ ಅಂಟಿದ್ದೆಲ್ಲ ನಕಲಿ’ ಎಂಬ ಸುಲಭಸೂತ್ರವನ್ನು ನಂಬಿದವರು ಹುಲಿಯ ಚಿತ್ರವಿರುವ ಈ ಅಸಲಿ ನಾಣ್ಯವನ್ನೂ ಅನುಮಾನಿಸಿಯಾರು.

ಜಪಾನಿನ ಹಳೆಯ ಬೆಳ್ಳಿ ನಾಣ್ಯಗಳಲ್ಲಿ ಇದೇ ಪಾಠ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಮೇಜಿ ದೊರೆಯ ಕಾಲದಲ್ಲಿ, ೧೮೭೧ರಲ್ಲಿ, ಒಸಾಕಾದ ಟಂಕಸಾಲೆ ನಿಯತವಾಗಿ ನಾಣ್ಯಗಳನ್ನು ಅಚ್ಚುಹಾಕತೊಡಗಿತು. ಅಲ್ಲಿಯ ಒಂದು ಯೆನ್ ನಾಣ್ಯದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಬೆಳ್ಳಿ, ತೂಕ ೨೬.೯೬ ಗ್ರಾಂ, ಸಾಂದ್ರತೆ ೧೦.೩. ೧೮೭೫ರಿಂದ ೧೮೭೭ರವರೆಗೆ ವಿದೇಶವ್ಯಾಪಾರಕ್ಕಾಗಿ ಬೇರೊಂದು ನಾಣ್ಯ ಬಂದಿತು. ಅದರ ತೂಕ ೨೭.೨೨ ಗ್ರಾಂ. ಕಾಲು ಗ್ರಾಮಿನ ಈ ವ್ಯತ್ಯಾಸವನ್ನು ನಕಲಿಯವನು ಲಕ್ಷಿಸದಿದ್ದರೆ ಅಲ್ಲಿಯೇ ಸಿಕ್ಕಿಬೀಳುತ್ತಾನೆ. ಡ್ರಾಗನ್ನಿನ ಚಿತ್ರವಿರುವ ಇವುಗಳ ನಕಲಿಗಳು ಇಂದು ಲೋಕವೆಲ್ಲ ಹರಡಿವೆ. ಕಬ್ಬಿಣ ಬೆರೆಸಿದವು ಅಯಸ್ಕಾಂತಕ್ಕೆ ಅಂಟಿ ತಾವಾಗಿಯೇ ಸತ್ಯ ಹೇಳಿಬಿಡುತ್ತವೆ. ಮೇಜಿ ಕಾಲಕ್ಕೆ ಹಿಂದಿನ ಜಪಾನಿನ ಕೆಲವು ಬೆಳ್ಳಿಗಟ್ಟಿಗಳಲ್ಲಿ ನಿಜವಾದ ಬೆಳ್ಳಿ ಅರ್ಧಕ್ಕಿಂತ ಕಡಮೆ. ಅವುಗಳ ಮೇಲ್ಮೈಯ ತಾಮ್ರವನ್ನು ಹುಳಿಯಲ್ಲಿ ಕರಗಿಸಿ ತೆಗೆದು, ಬೆಳ್ಳಿ ಮಾತ್ರ ಹೊರಗೆ ಕಾಣುವಂತೆ ಟಂಕಸಾಲೆಯವರೇ ಮಾಡುತ್ತಿದ್ದರು. ಅವು ಅಸಲಿ ನಾಣ್ಯಗಳೇ, ಆದರೆ ಒರೆಗಲ್ಲಿಗೆ ಸುಳ್ಳು ಹೇಳುತ್ತವೆ!

ಈಗ ನಕಲಿಯವನ ಪಕ್ಷದಲ್ಲಿ ನಿಂತು ಯೋಚಿಸೋಣ. ಸಾಂದ್ರತೆಯ ಪರೀಕ್ಷೆಯನ್ನೂ ಅವನು ಗೆಲ್ಲಬಹುದಲ್ಲವೆ? ಗೆಲ್ಲಬಹುದು. ಸೀಸ ಬೆಳ್ಳಿಗಿಂತ ಭಾರ, ತವರ ಹಗುರ. ಸುಮಾರು ೮೩ ಪಾಲು ಸೀಸ, ೧೭ ಪಾಲು ತವರ ಬೆರೆಸಿದರೆ ಸಾಂದ್ರತೆ ಸರಿಯಾಗಿ ೧೦.೩೪ ಆಗುತ್ತದೆ. ಮೇಲೆ ಬೆಳ್ಳಿಯ ಲೇಪ ಕೊಟ್ಟರೆ ತೂಕ, ಗಾತ್ರ, ಬಣ್ಣ ಮೂರೂ ಸರಿ. ಈ ನಕಲಿಯನ್ನು ಹಿಡಿಯುವುದು ಕಿವಿ. ಹಿಂದಿನ ಚಿನಿವಾರರು ರೂಪಾಯಿಯನ್ನು ಚಿಮ್ಮಿ ಕಲ್ಲಿನ ಮೇಲೆ ಬೀಳಿಸಿ ಕೇಳುತ್ತಿದ್ದರು. ನಾವು ನಾಣ್ಯವನ್ನು ಬೆರಳ ತುದಿಯ ಮೇಲೆ ಸಮತೋಲವಾಗಿ ನಿಲ್ಲಿಸಿ ಇನ್ನೊಂದು ನಾಣ್ಯದಿಂದ ಅಂಚಿಗೆ ಮೆಲ್ಲನೆ ತಟ್ಟಿದರೆ ಸಾಕು. ಬೆಳ್ಳಿ ಖಣ್ಣೆಂದು ನಾದಗೈದು ಒಂದೆರಡು ಕ್ಷಣ ಗುನುಗುತ್ತದೆ. ಸೀಸದ ಮಿಶ್ರಣ ಮಡಕೆಯ ಚೂರಿನಂತೆ ‘ಟಪ್’ ಎಂದು ಸುಮ್ಮನಾಗುತ್ತದೆ. ಮೆದುವಾದ ಸೀಸ ಕಂಪನದ ಶಕ್ತಿಯನ್ನು ತನ್ನೊಳಗೇ ಶಾಖವಾಗಿ ನುಂಗಿಬಿಡುವುದೇ ಇದಕ್ಕೆ ಕಾರಣ. ಬಿರುಕು ಬಿಟ್ಟ ಅಸಲಿ ನಾಣ್ಯವೂ ಮೊಂಡಾಗಿ ನುಡಿಯುವುದುಂಟು; ಕಿವಿಯೊಂದನ್ನೇ ನಂಬಿ ತೀರ್ಪು ಕೊಡಬಾರದು.

ಇನ್ನೊಂದು ಪರೀಕ್ಷೆ ವಿದ್ಯಾರ್ಥಿಗಳಿಗೆ ಬಹಳ ಮೆಚ್ಚಿಗೆಯಾದದ್ದು. ನಾಣ್ಯವನ್ನು ಓರೆಯಾಗಿ ಹಿಡಿದು ಅದರ ಮೇಲೆ ನಿಯೋಡಿಮಿಯಮ್ ಎಂಬ ಬಲವಾದ ಅಯಸ್ಕಾಂತದ ಚಿಕ್ಕ ತುಂಡನ್ನು ಜಾರಬಿಡಿ. ಬೆಳ್ಳಿಯನ್ನು ಅಯಸ್ಕಾಂತ ಸೆಳೆಯುವುದಿಲ್ಲ; ಆದರೂ ತುಂಡು ಜೇನಿನಲ್ಲಿ ಇಳಿಯುವಂತೆ ನಿಧಾನವಾಗಿ ಜಾರುತ್ತದೆ. ಚಲಿಸುವ ಅಯಸ್ಕಾಂತ ಲೋಹದಲ್ಲಿ ಸುಳಿಸುಳಿಯಾದ ವಿದ್ಯುತ್ಪ್ರವಾಹಗಳನ್ನು ಹುಟ್ಟಿಸುತ್ತದೆ. ಆ ಪ್ರವಾಹಗಳು ತಮ್ಮನ್ನು ಹುಟ್ಟಿಸಿದ ಚಲನೆಯನ್ನೇ ತಡೆಯುತ್ತವೆ. ಇದೇ ಲೆಂಜನ ನಿಯಮ. ವಿದ್ಯುದ್ವಾಹಕತೆ ಹೆಚ್ಚಿದ್ದಷ್ಟೂ ತಡೆ ಹೆಚ್ಚು. ಲೋಹಗಳಲ್ಲೆಲ್ಲ ಬೆಳ್ಳಿಯೇ ಅತ್ಯುತ್ತಮ ವಾಹಕ. ಸೀಸದ ವಾಹಕತೆ ಅದರ ಹದಿಮೂರನೆಯ ಒಂದು ಪಾಲು ಮಾತ್ರ. ಆದುದರಿಂದ ಸೀಸದ ನಕಲಿಯ ಮೇಲೆ, ತಾಮ್ರ ನಿಕ್ಕಲ್ಲಿನ ನಕಲಿಯ ಮೇಲೆ ಅಯಸ್ಕಾಂತ ಸರ್ರನೆ ಜಾರುತ್ತದೆ.

ಬೆಳ್ಳಿ ಬಳಿದ ತಾಮ್ರ ಮಾತ್ರ ಈ ಪರೀಕ್ಷೆಯಲ್ಲಿ ಪಾರಾಗುತ್ತದೆ, ತಾಮ್ರವೂ ಒಳ್ಳೆಯ ವಾಹಕವಾದುದರಿಂದ. ಆದರೆ ಅದು ಸಾಂದ್ರತೆಯಲ್ಲಿ ಸಿಕ್ಕಿಬೀಳುತ್ತದೆ. ಸೀಸ ತವರದ ಮಿಶ್ರಣ ಸಾಂದ್ರತೆಯನ್ನು ಗೆದ್ದು ನಾದದಲ್ಲಿಯೂ ವಾಹಕತೆಯಲ್ಲಿಯೂ ಸೋಲುತ್ತದೆ. ಒಂದೊಂದು ಗುಣವನ್ನು ಅನುಕರಿಸುವ ಅಗ್ಗದ ಲೋಹ ಉಂಟು. ಎಲ್ಲವನ್ನೂ ಒಟ್ಟಿಗೆ ಅನುಕರಿಸುವ ಅಗ್ಗದ ಲೋಹವಿಲ್ಲ.

ಹಾಗಿದ್ದರೂ ಬೆಳ್ಳಿಯಲ್ಲೇ ಮಾಡಿದ ನಕಲಿಯ ಮುಂದೆ ಭೌತವಿಜ್ಞಾನ ಸುಮ್ಮನಾಗುತ್ತದೆ. ೧೯೩೯ರ ರೂಪಾಯಿ ಬಹು ವಿರಳವಾದುದರಿಂದ ಸಂಗ್ರಾಹಕರು ಅದಕ್ಕೆ ಹೆಚ್ಚಿನ ಬೆಲೆ ಕೊಡುತ್ತಾರೆ. ಸಾಮಾನ್ಯ ವರ್ಷದ ಅಸಲಿ ರೂಪಾಯಿಯ ಅಂಕಿಯನ್ನು ತಿದ್ದಿ ೧೯೩೯ ಮಾಡಿದರೆ ತಕ್ಕಡಿ ಏನು ಹೇಳೀತು? ಅಲ್ಲಿ ಭೂತಗನ್ನಡಿ ಬೇಕು. ಅಚ್ಚಿನ ಹೊಡೆತಕ್ಕೆ ಲೋಹ ಹರಿದು ಮೂಡಿದ ಅಂಕಿಯ ಅಂಚು ಚೂಪಾಗಿಯೂ ನುಣುಪಾಗಿಯೂ ಇರುತ್ತದೆ. ಕೆತ್ತಿದ ಅಂಕಿಯ ಸುತ್ತ ಗೀರುಗಳಿರುತ್ತವೆ. ಎರಕ ಹೊಯ್ದ ನಾಣ್ಯದಲ್ಲಿ ಸೂಜಿಮೊನೆಯಂತಹ ರಂಧ್ರಗಳೂ, ಅಂಚಿನ ಸುತ್ತ ಎರಡು ಅರೆಗಳು ಕೂಡಿದ ಗೆರೆಯೂ ಕಾಣಬಹುದು. ಹತ್ತು ನಾಣ್ಯಗಳಲ್ಲಿ ಒಂದೇ ಜಾಗದಲ್ಲಿ ಒಂದೇ ಬಗೆಯ ಗಾಯದ ಕಲೆಯಿದ್ದರೆ ಅವು ಒಂದೇ ತಾಯಿಯ ಮಕ್ಕಳೆಂದು ತಿಳಿಯಬೇಕು. ಬೇರೆ ಬೇರೆ ಕೈಗಳಲ್ಲಿ ಬಾಳಿದ ನಾಣ್ಯಗಳಿಗೆ ಒಂದೇ ಗಾಯವಾಗುವುದಿಲ್ಲ.

ಅಕ್ಕಿಯನ್ನು ಸೆಳೆಯುವ ನಾಣ್ಯ, ಅಕ್ಕಿ ಸೆಳೆಯುವ ಚೊಂಬು ಎಂಬ ಇನ್ನೊಂದು ವಂಚನೆ ದಕ್ಷಿಣಭಾರತದಲ್ಲೆಲ್ಲ ಓಡಾಡುತ್ತಿದೆ. ಅದರಲ್ಲಿ ಇರಿಡಿಯಮ್ ಇದೆಯೆಂದೂ, ಅದಕ್ಕೆ ಕೋಟಿ ಬೆಲೆಯೆಂದೂ ಹೇಳುತ್ತಾರೆ. ಇರಿಡಿಯಮ್ಮಿನ ಸಾಂದ್ರತೆ ೨೨.೫ಕ್ಕೂ ಹೆಚ್ಚೆಂಬುದು ನಿಜ. ಅದು ಅಕ್ಕಿಯನ್ನು ಸೆಳೆಯುತ್ತದೆಂಬುದು ಶುದ್ಧ ಸುಳ್ಳು. ಅಕ್ಕಿಯೊಳಗೆ ಕಬ್ಬಿಣದ ಚೂರನ್ನೋ ಪುಡಿಯನ್ನೋ ಸೇರಿಸಿ, ಪಾತ್ರೆಯೊಳಗೆ ಅಯಸ್ಕಾಂತವನ್ನು ಅಡಗಿಸಿಟ್ಟರೆ ಈ ಪವಾಡ ಯಾರಿಗಾದರೂ ಸಾಧ್ಯ. ನಿಮ್ಮ ಮನೆಯ ಅಕ್ಕಿಯನ್ನು ನೀವೇ ಕೊಂಡೊಯ್ದರೆ ಪವಾಡ ನಿಂತುಹೋಗುತ್ತದೆ.

ಈ ಕೊನೆಯ ಮಾತು ನಮ್ಮನ್ನು ಮೊದಲಿನ ಪ್ರಶ್ನೆಗೆ ಕರೆದೊಯ್ಯುತ್ತದೆ. ಕುಡಿಕೆಯ ಚಿನ್ನವನ್ನು ಕೊಂಡವನು ತಪ್ಪಿದ್ದೆಲ್ಲಿ? ಅವನು ಪರೀಕ್ಷಿಸಿದ ನಾಣ್ಯ ಮಾರುವವನು ಆರಿಸಿಕೊಟ್ಟದ್ದು. ನೂರು ನಾಣ್ಯಗಳಲ್ಲಿ ಐವತ್ತು ನಕಲಿಯಾಗಿದ್ದು, ನಾವು ಕಣ್ಣುಮುಚ್ಚಿ ಐದನ್ನು ಎತ್ತಿಕೊಂಡರೆ, ಐದೂ ಅಸಲಿಯಾಗಿರುವ ಸಂಭವ ಮೂವತ್ತರಲ್ಲಿ ಒಂದಕ್ಕಿಂತಲೂ ಕಡಮೆ. ಎಂದರೆ ಯದೃಚ್ಛೆಯಾಗಿ ಎತ್ತಿದ ಐದೇ ನಾಣ್ಯಗಳು ರಾಶಿಯ ಗುಟ್ಟನ್ನು ಬಹುಮಟ್ಟಿಗೆ ಬಯಲುಮಾಡುತ್ತವೆ. ಮಾರುವವನೇ ಆರಿಸಿದಾಗ ಈ ಗಣಿತಕ್ಕೆ ಅರ್ಥವೇ ಇಲ್ಲ. ತೊಂಬತ್ತೆಂಟು ನಕಲಿಯಾಗಿದ್ದರೂ ಕೈಗೆ ಬರುವ ಎರಡು ಅಸಲಿಯೇ ಆಗಿರುತ್ತವೆ. ಅಕ್ಕಸಾಲಿಗನು ಆ ಎರಡು ನಾಣ್ಯಗಳ ವಿಷಯದಲ್ಲಿ ಹೇಳಿದ್ದು ಪೂರ್ತಿ ಸತ್ಯ. ಚೀಲದ ವಿಷಯದಲ್ಲಿ ಅವನು ಏನನ್ನೂ ಹೇಳಿರಲೇ ಇಲ್ಲ. ಹಣ ಕೈಬಿಡುವ ಗಳಿಗೆಯಲ್ಲಿ ಚೀಲವನ್ನು ಬಿಚ್ಚಿ ತೂಗಲು ನಿರ್ಜನವಾದ ಜಾಗದಲ್ಲಿ, ಕತ್ತಲೆಯಲ್ಲಿ, ಪೋಲೀಸರು ಬಂದಾರೆಂಬ ಗಾಬರಿಯಲ್ಲಿ ಯಾರಿಗೂ ವ್ಯವಧಾನವಿರುವುದಿಲ್ಲ. ಆ ಗಾಬರಿಯೂ ವಂಚಕನ ಉಪಕರಣಗಳಲ್ಲಿ ಒಂದು.

ಗಾಬರಿಗೆ ನಿಜವಾದ ಆಧಾರವೂ ಇದೆ. ೧೮೭೮ರ ಭಾರತದ ನಿಧಿ ಕಾಯಿದೆಯ ಪ್ರಕಾರ, ನೆಲದಲ್ಲಿ ಹುದುಗಿದ್ದ ಹತ್ತು ರೂಪಾಯಿಗಿಂತ ಹೆಚ್ಚಿನ ಬೆಲೆಯ ನಿಧಿ ಸಿಕ್ಕಿದರೆ ಕಲೆಕ್ಟರರಿಗೆ ಲಿಖಿತವಾಗಿ ತಿಳಿಸಬೇಕು. ನಮ್ಮ ರಾಜ್ಯದಲ್ಲಿಯೂ ೧೯೬೨ರಿಂದ ಇಂತಹ ಕಾಯಿದೆಯುಂಟು. ಪಾಯದಲ್ಲಿ ಸಿಕ್ಕ ಕುಡಿಕೆಯನ್ನು ಗುಟ್ಟಾಗಿ ಕೊಳ್ಳಲು ಹೋದವನು, ಅದರಲ್ಲಿದ್ದುದು ಚಿನ್ನವೇ ಆಗಿದ್ದರೂ ಕಾನೂನಿನ ಕಣ್ಣಿಗೆ ಬೀಳುವವನೇ. ಮೋಸಹೋದವರಲ್ಲಿ ದೂರು ಕೊಡಲು ಹಿಂಜರಿಯುವವರು ಇರುವುದಕ್ಕೆ ಇದೇ ಕಾರಣ.

ಕಾಲೇಜಿನ ಪ್ರಯೋಗಶಾಲೆಯಲ್ಲಿ ತಕ್ಕಡಿ, ಲೋಟ, ದಾರ ಎಲ್ಲವೂ ಇವೆ. ಅಜ್ಜಿಯ ಪೆಟ್ಟಿಗೆಯಿಂದ ಒಂದು ಹಳೆಯ ರೂಪಾಯಿಯನ್ನು ಕೇಳಿ ತಂದು ವಿದ್ಯಾರ್ಥಿಗಳು ಪ್ರಯೋಗ ಮಾಡಬಹುದು. ಕಪ್ಪಾಗಿದೆಯೆಂದು ಅದನ್ನು ಹುಣಿಸೆಹಣ್ಣಿನಿಂದ ತಿಕ್ಕಬೇಡಿ. ಆ ಕಪ್ಪು ಗಾಳಿಯ ಗಂಧಕ ಬೆಳ್ಳಿಯೊಡನೆ ಸೇರಿ ಆದದ್ದು. ಸಂಗ್ರಾಹಕರು ಅದನ್ನು ಹಾಗೆಯೇ ಇರಿಸಲು ಬಯಸುತ್ತಾರೆ. ಅಭ್ಯಾಸಕ್ಕೆಂದು ಒಂದು ಲೆಕ್ಕ ಕೊಡುತ್ತೇವೆ. ವಿಕ್ಟೋರಿಯ ರಾಣಿಯ ಮುಖವೂ ೧೯೦೦ ಎಂಬ ವರ್ಷವೂ ಇರುವ ಒಂದು ರೂಪಾಯಿ ಗಾಳಿಯಲ್ಲಿ ೧೧.೫೫ ಗ್ರಾಂ ತೂಗಿತು. ಅಯಸ್ಕಾಂತ ಅದನ್ನು ಸೆಳೆಯಲಿಲ್ಲ. ತಟ್ಟಿದರೆ ತಕ್ಕಮಟ್ಟಿಗೆ ನಾದವೂ ಬಂದಿತು. ಲೋಟದಲ್ಲಿ ಮುಳುಗಿಸಿದಾಗ ತಕ್ಕಡಿ ತೋರಿಸಿದ ಅಂಕಿ ೧.೨೧ ಗ್ರಾಂ. ಈ ನಾಣ್ಯದ ಲೋಹ ಯಾವ ಕಾಲದ ರೂಪಾಯಿಯ ಲೋಹವನ್ನು ಹೋಲುತ್ತದೆ? ಅದರ ಮೇಲಿರುವ ರಾಣಿಯ ವಿಷಯದಲ್ಲಿ ಏನು ಹೇಳಬೇಕು?